ಕರೆಂಟ್ ಹೋದರೂ ಕೈಕೊಡದ ಗ್ರೋಮ್ಯಾಕ್ಸ್

ಶಿರಸಿಯ ಹಳ್ಳಿಮನೆಯಲ್ಲಿ ಕೂತು ಪ್ರೋಟೀನ್ ಸಿಮ್ಯುಲೇಶನ್ (ಅಣುಗಳ ಚಲನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ನೋಡುವುದು) ಮಾಡಲಿಕ್ಕೆ ಆಗುತ್ತದಾ ಎಂದು ನನ್ನ ಎಂ.ಎಸ್ಸಿ. ಮಕ್ಕಳು ಕೇಳುತ್ತಲೇ ಇರುತ್ತಾರೆ. ಧಾರಾಳವಾಗಿ ಆಗುತ್ತದೆ. ಅದಕ್ಕೆಂದೇ ಇರುವ ಗ್ರೋಮ್ಯಾಕ್ಸ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಪೂರ್ತಿ ಉಚಿತ. 1990ರ ದಶಕದ ಆರಂಭದಲ್ಲಿ ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು.

ನಾನು ಇದರಲ್ಲಿ ನೋಡುವುದು ಅಮೈಲಾಯ್ಡ್ ಪೆಪ್ಟೈಡ್‌ಗಳು (ಚಿಕ್ಕ ಪ್ರೋಟೀನ್ ಸರಪಳಿಗಳು) ಅಂಟಿಕೊಂಡು ಫೈಬ್ರಿಲ್ ಎಂಬ ಸಣ್ಣ ನಾರು ಆಗುವ ಮೊದಲ ಹಂತವನ್ನು. ಅಲ್ಝೈಮರ್ ರೋಗಿಗಳ ಮಿದುಳಿನಲ್ಲಿ ಗಡ್ಡೆ ಕಟ್ಟುವುದು ಅಮೈಲಾಯ್ಡ್ ಬೀಟಾ. ಅದರ 40 ಅಥವಾ 42 ಅಮೈನೋ ಆಮ್ಲಗಳ ಇಡೀ ಸರಪಳಿ ಮನೆಯ ಕಂಪ್ಯೂಟರಿಗೆ ಭಾರ. ಹಾಗಾಗಿ 16ನೇ ಅಮೈನೋ ಆಮ್ಲದಿಂದ 22ನೆಯದರವರೆಗಿನ ತುಂಡು ಸಾಕು. ಲ್ಯಾಬಿನಲ್ಲಿ ಅಷ್ಟು ತುಂಡೇ ಫೈಬ್ರಿಲ್ ಆಗುತ್ತದೆ. ಒಂದು ತುದಿಗೆ ಲೈಸಿನ್, ಪ್ಲಸ್ ಚಾರ್ಜ್. ಇನ್ನೊಂದು ತುದಿಗೆ ಗ್ಲುಟಮೇಟ್, ಮೈನಸ್. ಇಂಥ ಆರನ್ನು ನೀರಿನ ಪೆಟ್ಟಿಗೆಯಲ್ಲಿ ಬಿಟ್ಟೆ. ಮೊದಲು ನಡುವಿನ ಫಿನೈಲ್‌ಅಲನಿನ್‌ಗಳು ನೀರು ತಪ್ಪಿಸಿಕೊಂಡು ಒಟ್ಟಾದವು. ಆಗ ಸುಮ್ನೆ ಒಂದು ಮುದ್ದೆ, ಅಷ್ಟೇ. ಆಮೇಲೆ ಒಂದು ಸರಪಳಿ ನಿಧಾನಕ್ಕೆ ತಿರುಗಿ, ಪಕ್ಕದ್ದರ ಪ್ಲಸ್ ತುದಿಯ ಹತ್ತಿರ ತನ್ನ ಮೈನಸ್ ತುದಿ ತಂದು, ಹೈಡ್ರೋಜನ್ ಬಂಧ ಕಟ್ಟಿಕೊಂಡಿತು. ಎರಡರ ನಡುವೆ ಸುಮಾರು 4.7 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ). ಎಕ್ಸ್-ರೇಯಲ್ಲಿ ಅಮೈಲಾಯ್ಡ್ ತೋರಿಸುವ ಅಂತರವೂ ಅದೇ! ಆಗಿನ ಖುಷಿ ಹೇಳತೀರದು.

ಸಿಮ್ಯುಲೇಶನ್ನಿನ ಒಂದೊಂದು ಹೆಜ್ಜೆ 2 ಫೆಮ್ಟೋಸೆಕೆಂಡ್. ಒಂದು ನ್ಯಾನೋಸೆಕೆಂಡಿಗೆ, ಅಂದರೆ ಹತ್ತು ಲಕ್ಷ ಫೆಮ್ಟೋಸೆಕೆಂಡಿಗೆ, 5 ಲಕ್ಷ ಹೆಜ್ಜೆ ಲೆಕ್ಕ ಹಾಕಬೇಕು. ಅಂದರೆ ದಿನಗಟ್ಟಲೆ ಓಡಬೇಕು. ನಮ್ಮಲ್ಲಿ ಆಷಾಢದ ಗಾಳಿಗೆ ಅಡಿಕೆ ಮರ ತಂತಿ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ದೇವರೇ ಬಲ್ಲ, ಯುಪಿಎಸ್ ಎಷ್ಟು ಹೊತ್ತು ತಡೆದೀತು? ಗ್ರೋಮ್ಯಾಕ್ಸ್ ನನಗೆ ಇಷ್ಟವಾಗಿದ್ದೇ ಇಲ್ಲಿ. ಅದು 15 ನಿಮಿಷಕ್ಕೊಮ್ಮೆ ತಾನಾಗಿ ಚೆಕ್‌ಪಾಯಿಂಟ್ ಫೈಲ್ (ಅಲ್ಲಿಯವರೆಗಿನ ಸ್ಥಿತಿಯ ದಾಖಲೆ) ಬರೆದಿಡುತ್ತದೆ, ಅದರ ಹಿಂದಿನದನ್ನೂ ಇಟ್ಟುಕೊಂಡಿರುತ್ತದೆ. ಬರೆಯುವಾಗಲೇ ಕರೆಂಟ್ ಹೋದರೂ ಹಳೆಯದು ಇದ್ದೇ ಇರುತ್ತದಲ್ವಾ? ಆ ಫೈಲ್ ತೋರಿಸಿದರೆ ಕೊನೆಗೆ ಬರೆದಿಟ್ಟಲ್ಲಿಂದಲೇ ಕೆಲಸ ಮುಂದುವರಿಯುತ್ತದೆ.

ತೊಂದರೆ ಇಲ್ಲವೆಂದಲ್ಲ. ಎಲ್ಲವೂ ಕಮಾಂಡ್ ಬರೆದೇ ಆಗಬೇಕು. ಚಿತ್ರ ನೋಡಲು ವಿಎಂಡಿ ಎಂಬ ಸಾಫ್ಟ್‌ವೇರ್ ಬೇರೆ ಹಾಕಿಕೊಳ್ಳಬೇಕು. ಅದಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು ಫೋರ್ಸ್ ಫೀಲ್ಡ್ (ಪರಮಾಣುಗಳ ನಡುವಿನ ಬಲದ ಸೂತ್ರಗಳು) ಆರಿಸುವಾಗ. ಕೆಲವದರಲ್ಲಿ ಪೆಪ್ಟೈಡ್‌ಗಳು ಅತಿಯಾಗಿ ಅಂಟುತ್ತವೆ, ಸಾಫ್ಟ್‌ವೇರ್ ಅದನ್ನು ಹೇಳುವುದಿಲ್ಲ. ನಾನು ಚಾರ್ಮ್36ಎಂ ಬಳಸುತ್ತೇನೆ. ಬೇಗ ಮುಗಿಯಲಿ ಎಂದು, ಹಲವು ಪರಮಾಣುಗಳನ್ನು ಒಂದೇ ಗುಂಡಾಗಿ ಲೆಕ್ಕ ಹಾಕುವ ಮಾರ್ಟಿನಿ ಫೋರ್ಸ್ ಫೀಲ್ಡಿಗೆ ಹೋಗಬೇಡಿ. ಅದರಲ್ಲಿ ಪೆಪ್ಟೈಡಿನ ಆಕಾರ ಮೊದಲೇ ನಿಗದಿ, ಸರಪಳಿಗಳು ಪಕ್ಕಪಕ್ಕ ಸಾಲಾಗಿ ಬೀಟಾ ಹಾಳೆ ಹುಟ್ಟುವುದು ಕಾಣುವುದೇ ಇಲ್ಲ. ಇನ್ನೊಂದು ಮಾತು. ಪುಟ್ಟ ಪೆಟ್ಟಿಗೆಯಲ್ಲಿ ಆರು ಪೆಪ್ಟೈಡ್ ಎಂದರೆ ಮಿಲಿಮೋಲಾರ್ ಸಾಂದ್ರತೆ. ಅಮೈಲಾಯ್ಡ್ ಬೀಟಾ ಪ್ರಯೋಗಗಳು ಸಾಮಾನ್ಯವಾಗಿ ನಡೆಯುವುದು ಅದಕ್ಕಿಂತ ಎಷ್ಟೋ ಪಟ್ಟು ತೆಳುವಾದ ಮೈಕ್ರೋಮೋಲಾರ್‌ನಲ್ಲಿ. ಪರದೆಯ ಮೇಲೆ ಇಷ್ಟು ಬೇಗ ಅಂಟಿತು ಎಂದು ಮಿದುಳಿನ ಬಗ್ಗೆ ವರದಿ ಬರೆಯಬೇಡಿ.

ನನ್ನ ಇನ್‌ಪುಟ್ ಫೈಲ್‌ಗಳು ಬೇಕಾದವರು ಪೇಟೆಗೆ ಬಂದಾಗ ಪೆನ್‌ಡ್ರೈವ್ ತನ್ನಿ, ಹಾಕಿಕೊಡುತ್ತೇನೆ.