ಬೈಕ್ ಎತ್ತಿ ನಿಲ್ಲಿಸಲು ಯಾವುದು ಗಟ್ಟಿ: ಸೆಂಟರ್ ಸ್ಟ್ಯಾಂಡೋ, ಪ್ಯಾಡಕ್ಕೋ, ಸಿಸರ್ ಜ್ಯಾಕೋ?

ಪ್ಯಾಡಕ್ ಎಂದರೆ ಬೈಕಿನ ಹಿಂಬದಿಗೆ ಹೊರಗಿನಿಂದ ಕೊಟ್ಟು, ಹಿಡಿಕೆ ಒತ್ತಿ ಎತ್ತುವ ಸ್ಟ್ಯಾಂಡ್; ಸಿಸರ್ ಜ್ಯಾಕ್ ಎಂದರೆ ಬೈಕಿನ ಹೊಟ್ಟೆಯಡಿ ಇಟ್ಟು ಎತ್ತುವ ಕತ್ತರಿ ಕಾಲಿನ ಜ್ಯಾಕ್. ಸ್ಟ್ಯಾಂಡಿನ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗಿರುವುದು ಅದು ಎಷ್ಟು ಕೆಜಿ ಹೊರುತ್ತದೆ ಎಂಬ ಅಂಕಿ. ಮನೆಯಲ್ಲಿ ಬೈಕ್ ಬೀಳುವುದಕ್ಕೂ ಆ ಅಂಕಿಗೂ ಸಂಬಂಧ ಕಡಿಮೆ. ಸ್ಪ್ಲೆಂಡರ್ 112 ಕೆಜಿ, ಕ್ಲಾಸಿಕ್ 350 ಸುಮಾರು 195 ಕೆಜಿ. 300 ಕೆಜಿ ತಾಳುವ ಜ್ಯಾಕ್ ಎರಡನ್ನೂ ಆರಾಮಾಗಿ ಹೊರುತ್ತದೆ. ಜ್ಯಾಕ್ ಕುಸಿದು ಬಿದ್ದ ಬೈಕುಗಳು ಅಪರೂಪ. ಜ್ಯಾಕಿನ ಮೇಲಿಂದ ಪಕ್ಕಕ್ಕೆ ವಾಲಿದವು, ಮುಂದಕ್ಕೆ ಉರುಳಿದವೇ ಹೆಚ್ಚು. ಆದ್ದರಿಂದ ಕೊಳ್ಳುವ ಮೊದಲು ಕೇಳಬೇಕಾದ್ದು ಬೇರೆ: ಇದು ಬೈಕನ್ನು ಎಲ್ಲಿ ಹಿಡಿಯುತ್ತದೆ, ನೆಲದ ಮೇಲೆ ಇದರ ಪಾದ ಎಷ್ಟು ಅಗಲ, ನೆಲಕ್ಕೆ ತಾಗಿಯೇ ಇರುವ ಇನ್ನೊಂದು ಚಕ್ರ ಉರುಳದಂತೆ ತಡೆಯುವುದು ಏನು.

ಈ ಹೋಲಿಕೆಗೆ ಇಟ್ಟುಕೊಂಡ ಕೆಲಸಗಳು ನಾಲ್ಕು: ಚೈನ್ ತೊಳೆದು ಎಣ್ಣೆ ಬಿಡುವುದು, ಹಿಂದಿನ ಚಕ್ರ ಕಳಚುವುದು, ಮುಂದಿನ ಚಕ್ರ ಕಳಚುವುದು, ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ) ಇಳಿಸುವುದು. ಬೈಕುಗಳು ಸೆಂಟರ್ ಸ್ಟ್ಯಾಂಡ್ ಇರುವ ಸ್ಪ್ಲೆಂಡರ್, ಆರ್‌ಎಕ್ಸ್ 100, ಹಳೆಯ ಬುಲೆಟ್. ಇಲ್ಲದ ಆರ್15, ಡ್ಯೂಕ್ 390, ಪಲ್ಸರ್ ಎನ್‌ಎಸ್ 200.

ಮೊದಲು ನೆಲದ ಮಾತು. ಅಪಾರ್ಟ್‌ಮೆಂಟ್ ಪಾರ್ಕಿಂಗಿನ ನೆಲ ಕಣ್ಣಿಗೆ ಸಮ ಕಂಡರೂ ನೀರು ಹರಿಯಲೆಂದು ಇಳಿಜಾರು ಬಿಟ್ಟಿರುತ್ತಾರೆ. ಒಂದು ಲೋಟ ನೀರು ಚೆಲ್ಲಿ ನೋಡಿದರೆ ಯಾವ ಕಡೆ ಎಂದು ತಿಳಿಯುತ್ತದೆ. ಬೈಕಿನ ಮೂತಿ ಏರಿನ ಕಡೆಗಿರಲಿ. ಇಂಟರ್‌ಲಾಕ್ ಕಲ್ಲಿನ ಸಂದಿಗೆ ಸ್ಟ್ಯಾಂಡಿನ ಪುಟ್ಟ ಚಕ್ರ ಸಿಕ್ಕಿಬೀಳುತ್ತದೆ. ಕಡಪ ಕಲ್ಲಿನ ಚಪ್ಪಡಿಯ ಕೆಳಗೆ ಟೊಳ್ಳಿದ್ದರೆ ಜ್ಯಾಕಿನ ಭಾರಕ್ಕೆ ಚಪ್ಪಡಿಯೇ ಸೀಳುತ್ತದೆ. ಮಳೆಗಾಲದ ಮಣ್ಣಂಗಳದಲ್ಲಿ ಸೆಂಟರ್ ಸ್ಟ್ಯಾಂಡಿನ ಒಂದು ಕಾಲು ಹೂತು ಬೈಕ್ ಮೆಲ್ಲಗೆ ವಾಲುತ್ತದೆ. ಮೂರಕ್ಕೂ ಮದ್ದು ಒಂದೇ: 18 ಎಂಎಂ ಪ್ಲೈವುಡ್, ಎರಡಡಿಗೆ ಮೂರಡಿ. ಮರಗೆಲಸದವರ ಬಳಿ ಉಳಿಕೆ ತುಂಡು ಸಿಗುತ್ತದೆ. ಪಾಲಿಶ್ ಮಾಡಿದ ಗ್ರಾನೈಟ್ ಮೇಲೆ ಎಣ್ಣೆ ಚೆಲ್ಲಿದರೆ ಪ್ಲೈವುಡ್ಡೇ ಜಾರುತ್ತದೆ, ಅಡಿಗೆ ಹಳೆಯ ರಬ್ಬರ್ ಮ್ಯಾಟ್ ಹಾಸಬೇಕು.

ಇನ್ನೊಂದು ತಪ್ಪು ನಂಬಿಕೆ, ಗೇರಿಗೆ ಹಾಕಿಟ್ಟರೆ ಬೈಕ್ ಕದಲುವುದಿಲ್ಲ ಎಂಬುದು. ಗೇರ್ ಹಿಡಿಯುವುದು ಹಿಂದಿನ ಚಕ್ರವನ್ನು. ಅದೇ ಗಾಳಿಯಲ್ಲಿದ್ದಾಗ ಗೇರ್ ಇದ್ದೂ ಇಲ್ಲದ ಹಾಗೆ. ನೆಲದಲ್ಲಿರುವುದು ಮುಂದಿನ ಚಕ್ರ, ಅದಕ್ಕಿರುವ ತಡೆ ಮುಂದಿನ ಬ್ರೇಕ್ ಮಾತ್ರ. ಸೈಕಲ್ ಟ್ಯೂಬನ್ನು ಎರಡು ಬೆರಳಗಲ ಪಟ್ಟಿಯಾಗಿ ಕತ್ತರಿಸಿ, ಬ್ರೇಕ್ ಲಿವರನ್ನು ಗ್ರಿಪ್ಪಿಗೆ ಸೇರಿಸಿ ಮೂರು ಸುತ್ತು ಬಿಗಿಯಾಗಿ ಸುತ್ತಿದರೆ ಸಾಕು. ಕೆಳಗೆ ಹೇಳುವ ಯಾವ ಸ್ಟ್ಯಾಂಡಿನಲ್ಲಿ ಹಿಂಬದಿ ಎತ್ತಿದರೂ ಕೆಲಸಕ್ಕೆ ಕೈ ಹಾಕುವ ಮೊದಲು ಇದು ಆಗಬೇಕು.

ಸೆಂಟರ್ ಸ್ಟ್ಯಾಂಡ್

ಬೈಕಿನ ಜೊತೆಗೇ ಬಂದದ್ದು, ಚಾಸಿಗೇ ಕೂತದ್ದು, ಜಾರುವ ಪ್ರಶ್ನೆಯಿಲ್ಲ. ಚೈನ್ ಕೆಲಸಕ್ಕೂ ಹಿಂದಿನ ಚಕ್ರ ಕಳಚುವುದಕ್ಕೂ ಇದಕ್ಕಿಂತ ಗಟ್ಟಿಯಾದದ್ದು ಮನೆಯಲ್ಲಿ ಇಲ್ಲ. ಇದು ಇದ್ದೂ ಪ್ಯಾಡಕ್ ಸ್ಟ್ಯಾಂಡ್ ಕೊಳ್ಳುವುದು ದುಡ್ಡು ದಂಡ. ಆದರೆ ಹತ್ತು ವರ್ಷ ಓಡಿದ ಬೈಕಿನಲ್ಲಿ ಸ್ಟ್ಯಾಂಡ್ ಹೊಸದಾಗಿದ್ದ ಹಾಗೆ ಇರುವುದಿಲ್ಲ. ಬೈಕನ್ನು ಅದರ ಮೇಲೆ ನಿಲ್ಲಿಸಿ ಹಿಂದಿನ ಗ್ರ್ಯಾಬ್ ರೈಲ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿ. ಕೀಲಿನ ಬಳಿ ಟಕ್ ಟಕ್ ಎಂದರೆ ಪಿನ್ನು, ಬುಷ್ ಸವೆದಿವೆ ಅಥವಾ ತೂತು ಮೊಟ್ಟೆಯಾಕಾರಕ್ಕೆ ತಿರುಗಿದೆ. ಟೈರಿನ ಕೆಳಗೆ ಎರಡು ಬೆರಳು ತೂರದಿದ್ದರೆ ಪಾದ ಸವೆದಿದೆ, ಇಲ್ಲವೇ ಕಂಪನಿ ಅಳತೆಗಿಂತ ದಪ್ಪ ಟೈರ್ ಹಾಕಿಸಿದ್ದಾರೆ. ಪಾದಕ್ಕೆ 6 ಎಂಎಂ ಕಬ್ಬಿಣದ ತಟ್ಟೆ ವೆಲ್ಡ್ ಮಾಡಿಸುವುದು ವರ್ಕ್‌ಶಾಪಿನಲ್ಲಿ ಅರ್ಧ ಗಂಟೆಯ ಕೆಲಸ. ಎರಡೂ ಪಾದಕ್ಕೆ ಒಂದೇ ದಪ್ಪದ ತಟ್ಟೆ ಇರಬೇಕು, ಇಲ್ಲದಿದ್ದರೆ ಬೈಕ್ ಶಾಶ್ವತವಾಗಿ ಒಂದು ಕಡೆಗೆ ಓರೆ. ವೆಲ್ಡಿಂಗಿಗೆ ಮೊದಲು ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಸಿ. ಸ್ಟ್ಯಾಂಡನ್ನೇ ಕಳಚಿ ಒಯ್ದರೆ ಇನ್ನೂ ಒಳ್ಳೆಯದು.

ಸ್ಟ್ಯಾಂಡ್ ಹಾಕಲು ತೋಳಿನ ಬಲ ಬೇಕಿಲ್ಲ. ಎಡಗೈ ಹ್ಯಾಂಡಲ್ ಮೇಲೆ, ಬಲಗೈ ಗ್ರ್ಯಾಬ್ ರೈಲ್ ಮೇಲೆ. ಸ್ಟ್ಯಾಂಡಿನ ಎರಡೂ ಪಾದ ನೆಲಕ್ಕೆ ಒಟ್ಟಿಗೆ ತಾಗಿವೆ ಎಂದು ಕಾಲಿಗೆ ಗೊತ್ತಾದ ಮೇಲೆ ಮೈಭಾರವನ್ನೆಲ್ಲ ಬಲಗಾಲಿಗೆ ಬಿಡಬೇಕು. ಬಲಗೈ ದಾರಿ ತೋರಿಸಿದರೆ ಸಾಕು, ಎತ್ತಬಾರದು. ಬುಲೆಟ್ಟಿನಲ್ಲಿ ಸೊಂಟ ಹಿಡಿಸಿಕೊಳ್ಳುವವರು ಕೈಯಿಂದ ಎಳೆಯುವವರೇ.

ಇದರ ಮಿತಿ ಮುಂದಿನ ಚಕ್ರ. ಹಿಂದಿನ ಸೀಟಿನ ಮೇಲೆ ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ ಇಟ್ಟು ಸ್ಪ್ಲೆಂಡರಿನ ಮೂತಿ ಎತ್ತುವ ಪದ್ಧತಿ ಊರೂರಲ್ಲೂ ಇದೆ. ಎತ್ತುತ್ತದೆ, ನಿಜ. ಮೂಟೆ ಜಾರಿದ ಕ್ಷಣ ಚಕ್ರವಿಲ್ಲದ ಫೋರ್ಕು ನೆಲಕ್ಕೆ ಬಡಿಯುತ್ತದೆ, ಅದೂ ನಿಜ. ಅದಕ್ಕಿಂತ ಸೆಂಟರ್ ಸ್ಟ್ಯಾಂಡ್ ಹಾಕಿ, ಎಂಜಿನ್ ಮುಂಭಾಗದ ಕೆಳಗೆ ಮರದ ತುಂಡಿಟ್ಟು ಸಣ್ಣ ಜ್ಯಾಕ್ ಕೊಡುವುದು ಲೇಸು. ಹಿಂದಿನ ಚಕ್ರ ನೆಲಕ್ಕೆ ತಾಗಿ, ಮುಂದಿನ ಟೈರಿನಡಿ ಪೋಸ್ಟ್‌ಕಾರ್ಡ್ ಜಾರುವಷ್ಟು ಎತ್ತಿದರೆ ಚಕ್ರ ಬಿಚ್ಚಬಹುದು. ಮತ್ತೂ ಎತ್ತಿದರೆ ಸ್ಟ್ಯಾಂಡಿನ ಪಾದಗಳೇ ಹಗುರಾಗಿ, ಇಡೀ ಭಾರ ಸಣ್ಣ ಜ್ಯಾಕಿಗೆ ಬೀಳುತ್ತದೆ.

ಪ್ಯಾಡಕ್ ಸ್ಟ್ಯಾಂಡ್

ಸೆಂಟರ್ ಸ್ಟ್ಯಾಂಡ್ ಇಲ್ಲದವರಿಗೆ ಉತ್ತರ ಇದೇ, ಆದರೆ ಸ್ಪೂಲ್ ಇದ್ದರೆ ಮಾತ್ರ ಪೂರ್ತಿ ಉತ್ತರ. ಹಿಂದಿನ ಚಕ್ರವನ್ನು ಹಿಡಿದಿರುವ ತೋಳು, ಅಂದರೆ ಸ್ವಿಂಗ್ ಆರ್ಮಿನ ಎರಡೂ ಬದಿಗೆ ತಿರುಗಿಸಿ ಕೂರಿಸುವ, ದಾರದ ರೀಲಿನಂಥ ಬೋಲ್ಟೇ ಸ್ಪೂಲ್. ಸ್ಟ್ಯಾಂಡಿನ ಕೊಕ್ಕೆ ಅದರ ಸೊಂಟದಲ್ಲಿ ಕೂತರೆ ಮುಂದೆ, ಹಿಂದೆ, ಪಕ್ಕಕ್ಕೆ ಎಲ್ಲಿಗೂ ಜಾರದು. ಯಮಹಾ ಆರ್15ಕ್ಕೆ 6 ಎಂಎಂ, ಕೆಟಿಎಂ ಡ್ಯೂಕಿಗೆ 10 ಎಂಎಂ ಥ್ರೆಡ್; ಬೇರೆ ಬೈಕಿಗೆ ಅಂಗಡಿಯವರ ಮಾತು ನಂಬದೆ ಕೈಯಿಂದಲೇ ನಾಲ್ಕೈದು ಸುತ್ತು ತಿರುಗಿಸಿ ನೋಡಿ. ಎರಡನೆಯ ಸುತ್ತಿಗೇ ಬಿಗಿಯಾದರೆ ಥ್ರೆಡ್ ಹೊಂದುತ್ತಿಲ್ಲ. ಸ್ಪ್ಯಾನರ್ ಹಾಕಿ ಬಲವಂತ ಮಾಡಿದರೆ ಹೋಗುವುದು ಇನ್ನೂರು ಮುನ್ನೂರರ ಸ್ಪೂಲಲ್ಲ, ಸ್ವಿಂಗ್ ಆರ್ಮಿನ ಥ್ರೆಡ್. 6 ಎಂಎಂ ಸ್ಪೂಲನ್ನು ಅತಿ ಬಿಗಿ ಮಾಡಿದರೆ ಬೋಲ್ಟ್ ಒಳಗೇ ಮುರಿಯುತ್ತದೆ. ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು, ನೀಲಿ ಥ್ರೆಡ್ ಲಾಕರ್, ಒಂದು ಹನಿ ಹಾಕಿ ಹದವಾಗಿ ಬಿಗಿಯಿರಿ.

ಸ್ಪೂಲಿಗೆ ಜಾಗವೇ ಇಲ್ಲದ ಬೈಕಿಗೆ ಎಲ್ ಆಕಾರದ ರಬ್ಬರ್ ಪ್ಯಾಡ್ ಬರುತ್ತದೆ. ಅದು ಸ್ವಿಂಗ್ ಆರ್ಮಿನ ಅಡಿಗೆ ಆತುಕೊಳ್ಳುತ್ತದೆ ಅಷ್ಟೇ, ಹಿಡಿದುಕೊಳ್ಳುವುದಿಲ್ಲ. ಚಪ್ಪಟೆ ತಳದ ಚೌಕ ಸ್ವಿಂಗ್ ಆರ್ಮಿಗೆ ಚೈನ್ ಕೆಲಸ ನಡೆಯುತ್ತದೆ. ದುಂಡು ಪೈಪಿನ ಸ್ವಿಂಗ್ ಆರ್ಮಿಗೆ ಬೇಡ. ಚೈನ್ ಎಣ್ಣೆ ಸಿಡಿದು ಪ್ಯಾಡ್ ಜಿಡ್ಡಾಗಿದ್ದರೆ ಚೆನ್ನಾಗಿ ಒರೆಸಿ, ಒಣಗಿಸಿ, ಆಮೇಲೆ ಎತ್ತಬೇಕು. ಈ ಪ್ಯಾಡಿನ ಮೇಲಿಟ್ಟು ಆಕ್ಸಲ್ (ಚಕ್ರದ ಅಚ್ಚು) ನಟ್ಟಿಗೆ ಜೋರು ಕೊಟ್ಟರೆ ಬೈಕ್ ಮುಂದಕ್ಕೆ ಹಾರುತ್ತದೆ. ಹಾಗೆ ನೋಡಿದರೆ ಯಾವ ಸ್ಟ್ಯಾಂಡಿಗೂ ಈ ಮಾತು ಸಲ್ಲುತ್ತದೆ: ಆಕ್ಸಲ್ ನಟ್, ಸ್ಪ್ರಾಕೆಟ್ ನಟ್ ಸಡಿಲ ಮಾಡುವುದು ಎರಡೂ ಚಕ್ರ ನೆಲದಲ್ಲಿದ್ದಾಗ, ಕೊನೆಯ ಬಿಗಿ ಕೊಡುವುದೂ ನೆಲಕ್ಕಿಳಿಸಿದ ಮೇಲೆ.

ಎತ್ತುವ ಕ್ರಮ: ಸೈಡ್ ಸ್ಟ್ಯಾಂಡ್ ತೆರೆದೇ ಇರಲಿ. ಬೈಕಿನ ಹಿಂದೆ, ತುಸು ಎಡಕ್ಕೆ ನಿಂತು ಎಡಗೈಯಿಂದ ಹಿಂಬದಿ ಹಿಡಿದು ಬೈಕನ್ನು ನೆಟ್ಟಗೆ ತನ್ನಿ. ಬೈಕ್ ಓರೆಯಾಗಿರುವಾಗಲೇ ಕೊಕ್ಕೆ ಸಿಕ್ಕಿಸಿದರೆ ಒಂದು ಸ್ಪೂಲ್ ಕೂರುತ್ತದೆ, ಇನ್ನೊಂದು ತಪ್ಪುತ್ತದೆ. ಅರ್ಧಕ್ಕೆ ಎತ್ತಿದ ಮೇಲೆ ಅದು ಕಣ್ಣಿಗೆ ಬೀಳುವಷ್ಟರಲ್ಲಿ ಬೈಕ್ ಆಚೆ ಬದಿಗೆ ಹೋಗಿರುತ್ತದೆ. ಎರಡೂ ಕೊಕ್ಕೆ ಕೂತಿರುವುದನ್ನು ಬಗ್ಗಿ ನೋಡಿ, ಬಲಗೈಯಿಂದ ಹಿಡಿಕೆಯನ್ನು ನೇರ ಕೆಳಕ್ಕೆ ಒತ್ತಿ. ಒತ್ತುವಾಗ ಸ್ಟ್ಯಾಂಡ್ ತನ್ನ ಪುಟ್ಟ ಚಕ್ರಗಳ ಮೇಲೆ ಬೈಕಿನಡಿಗೆ ಉರುಳಿಕೊಳ್ಳಬೇಕು. ಕಲ್ಲಿನ ಸಂದಿಯಲ್ಲಿ ಆ ಚಕ್ರ ಸಿಕ್ಕರೆ ಬೈಕನ್ನೇ ಹಿಂದಕ್ಕೆ ಎಳೆಯುತ್ತದೆ. ಪ್ಲೈವುಡ್ ಬೇಕೆಂದದ್ದು ಇದಕ್ಕೇ. ಹಿಡಿಕೆ ಪೂರ್ತಿ ನೆಲ ಮುಟ್ಟುವ ತನಕ ಕೈ ಬಿಡಬಾರದು.

ಬಲ ಎಷ್ಟು ಬೇಕು? ಬೈಕಿನ ಹಿಂಭಾಗದ ಭಾರ 90 ಕೆಜಿ, ಸ್ಟ್ಯಾಂಡಿನ ಚಕ್ರದಿಂದ ಕೊಕ್ಕೆಗೆ ಅಡ್ಡಳತೆ 8 ಸೆಂ.ಮೀ., ಹಿಡಿಕೆಗೆ 45 ಸೆಂ.ಮೀ. ಎಂದುಕೊಂಡರೆ 90 ಗುಣಿಸು 8 ಭಾಗಿಸು 45, ಅಂದರೆ 16 ಕೆಜಿ. ಹಿಡಿಕೆ 30 ಸೆಂ.ಮೀ.ಗೆ ಇಳಿದರೆ 24 ಕೆಜಿ. ಅಗ್ಗದ ಸ್ಟ್ಯಾಂಡಿನಲ್ಲಿ ಹಿಡಿಕೆ ಗಿಡ್ಡ. ಒಂದು ಕೈ ಬೈಕ್ ಹಿಡಿದಿರುವಾಗ ಇನ್ನೊಂದೇ ಕೈಯಲ್ಲಿ ಈ ಎಂಟು ಕೆಜಿ ಹೆಚ್ಚಿಗೆ ಒತ್ತುವುದು ಸಣ್ಣ ಮಾತಲ್ಲ.

ಪ್ಯಾಡಕ್ಕಿನಿಂದ ಬೈಕ್ ಬೀಳುವುದು ಎತ್ತುವಾಗಿನದಕ್ಕಿಂತ ಇಳಿಸುವಾಗ ಹೆಚ್ಚು. ಕೆಲಸದ ನಡುವೆ ಕಾಲಿಗೆ ತೊಡರುತ್ತದೆಂದು ಸೈಡ್ ಸ್ಟ್ಯಾಂಡ್ ಮಡಚಿರುತ್ತಾರೆ, ಮರೆತು ಹಿಡಿಕೆ ಎತ್ತುತ್ತಾರೆ, ಬೈಕ್ ಎಡಕ್ಕೆ ಒರಗಲು ಹೋಗಿ ಅಲ್ಲಿ ಏನೂ ಇರುವುದಿಲ್ಲ. ಹಿಡಿಕೆಗೆ ಕೈ ಹಾಕುವ ಮುನ್ನ ಸೈಡ್ ಸ್ಟ್ಯಾಂಡನ್ನು ಕಾಲಿನಿಂದ ಮುಂದಕ್ಕೆ ತಳ್ಳಿ ಖಾತ್ರಿ ಮಾಡಿಕೊಳ್ಳಿ.

ಇದೇ ಕೆಲಸವನ್ನು ಜೇಬಿಗಿಳಿಯುವ ಬೆಲೆಗೆ ಮಾಡುತ್ತೇವೆನ್ನುವ ಒಂಟಿ ಕಾಲಿನ ಊರುಗೋಲುಗಳೂ ಇವೆ. ಬೈಕನ್ನು ಸೈಡ್ ಸ್ಟ್ಯಾಂಡಿನ ಕಡೆಗೆ ವಾಲಿಸಿ, ಸ್ವಿಂಗ್ ಆರ್ಮಿನ ಬಲಬದಿಗೆ ಕೋಲು ಕೊಟ್ಟರೆ ಹಿಂದಿನ ಚಕ್ರ ಒಂದೆರಡು ಬೆರಳು ಮೇಲೇಳುತ್ತದೆ. ಪ್ರವಾಸದ ನಡುವೆ ಚೈನಿಗೆ ಎಣ್ಣೆ ಬಿಡಲು ಸರಿ. ಬೈಕ್ ಒಂದಂಗುಲ ಮುಂದೆ ಸರಿದರೂ ಸೈಡ್ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ. ಚಕ್ರ ಕಳಚಲು ಇದನ್ನು ನೆಚ್ಚುವಂತಿಲ್ಲ.

ಸಿಸರ್ ಜ್ಯಾಕ್

ಚಿತ್ರದಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ಕಾಣುವುದು ಇದೇ, ಎತ್ತಿದ ಮೇಲೆ ಎಲ್ಲಕ್ಕಿಂತ ಹೆಚ್ಚು ಓಲಾಡುವುದೂ ಇದೇ. ಕಾರಣ ಲೆಕ್ಕದಲ್ಲಿದೆ. ಜ್ಯಾಕಿನ ಪಾದ 20 ಸೆಂ.ಮೀ. ಅಗಲ, ಬೈಕಿನ ಭಾರದ ನಡುಬಿಂದು ನೆಲದಿಂದ 55 ಸೆಂ.ಮೀ. ಎತ್ತರ ಎಂದಿಟ್ಟುಕೊಳ್ಳಿ. ಹತ್ತು ಡಿಗ್ರಿ ವಾಲಿದರೆ ಆಟ ಮುಗಿಯಿತು. ಇನ್ನೂ 15 ಸೆಂ.ಮೀ. ಎತ್ತಿದರೆ ಎಂಟೇ ಡಿಗ್ರಿ. ಕತ್ತರಿ ಕಾಲಿನ ಕೀಲುಗಳಲ್ಲಿರುವ ಸಡಿಲ ಅದರಲ್ಲಿ ಒಂದಿಷ್ಟನ್ನು ಮೊದಲೇ ತಿಂದಿರುತ್ತದೆ. ಕೊಳ್ಳುವಾಗ ಜ್ಯಾಕನ್ನು ಪೂರ್ತಿ ಎತ್ತಿಸಿ, ಮೇಲಿನ ತಟ್ಟೆಯನ್ನು ಹಿಡಿದು ತಿರುಚಿ ನೋಡಿ. ಅಂಗಡಿಯಲ್ಲೇ ಕಾಲಂಗುಲ ಆಡಿದರೆ ಬೈಕಿನಡಿ ಅದು ಉಯ್ಯಾಲೆ.

ಎಲ್ಲಿ ಹಿಡಿಸಬೇಕು ಎಂಬುದು ಅದಕ್ಕಿಂತ ದೊಡ್ಡ ತಲೆನೋವು. ಆರ್‌ಎಕ್ಸ್ 100ರಂಥ ಡಬಲ್ ಕ್ರೇಡಲ್ ಚಾಸಿಯಲ್ಲಿ ಎಂಜಿನ್ ಕೆಳಗೇ ಎರಡು ಪೈಪು ಹಾದುಹೋಗುತ್ತವೆ. ಜ್ಯಾಕಿನ ತಟ್ಟೆ ಎರಡಕ್ಕೂ ತಾಗಿ ಸೊಗಸಾಗಿ ಕೂರುತ್ತದೆ. ಹಳೆಯ ಬುಲೆಟ್ಟಿನಲ್ಲಿ ಚಾಸಿಯ ಕೊಂಡಿಯೇ ಎಂಜಿನ್. ಅಡಿಯಲ್ಲಿ ಸಿಗುವುದು ಎಂಜಿನ್ನಿನ ಅಲ್ಯೂಮಿನಿಯಂ ಹೊರಕವಚ, ಕ್ರ್ಯಾಂಕ್ ಕೇಸ್. ಅಲ್ಲಿ ಕಬ್ಬಿಣದ ತಟ್ಟೆ ನೇರ ತಾಗಕೂಡದು. ಎರಡಂಗುಲ ದಪ್ಪದ ಹಲಗೆಗೆ, ಆಯಿಲ್ ಇಳಿಸುವ ಡ್ರೇನ್ ಪ್ಲಗ್ ಬರುವ ಕಡೆ ಗುಂಡಿ ಕೊರೆದು ಇಟ್ಟರೆ ಭಾರ ಹರಡುತ್ತದೆ. ಎನ್‌ಎಸ್ 200, ಮೊದಲ ತಲೆಮಾರಿನ ಡ್ಯೂಕ್ 390 ಇವುಗಳ ಹೊಟ್ಟೆಯಡಿ ಸೈಲೆನ್ಸರ್ ಇದೆ. ಅದಕ್ಕೇ ಜ್ಯಾಕ್ ಕೊಟ್ಟು ಎತ್ತಿದರೆ ತಗಡು ತಗ್ಗಾಗಿ, ಎಂಜಿನ್ನಿಗೆ ಸೇರುವ ಜಾಗದಲ್ಲಿ ಸೀಳುತ್ತದೆ. ಇಂಥ ಬೈಕಿಗೆ ಸಿಸರ್ ಜ್ಯಾಕ್ ಬೇಡವೇ ಬೇಡ.

ಹಾಗಾದರೆ ಇದರ ಉಪಯೋಗ? ಎರಡನೆಯ ಆಧಾರವಾಗಿ ಇದು ಬಹಳ ಒಳ್ಳೆಯದು. ಸೆಂಟರ್ ಸ್ಟ್ಯಾಂಡಿನ ಮುಂದೆ ಮೂತಿ ಎತ್ತಲು, ಎಂಜಿನ್ ಮೌಂಟ್ ಬೋಲ್ಟ್ ತೆಗೆಯುವಾಗ ಎಂಜಿನ್ ಜೋತುಬೀಳದಂತೆ ತಡೆಯಲು. ಬೈಕಿನ ಪೂರ್ತಿ ಭಾರ ಇದರ ಮೇಲೆಯೇ ಬರುವುದಾದರೆ ಹ್ಯಾಂಡಲಿನ ಎರಡೂ ಬದಿಯಿಂದ ಪಟ್ಟಿ ಇಳಿಸಿ ಗೋಡೆಯ ಕೊಂಡಿಗೋ ಕಂಬಕ್ಕೋ ಬಿಗಿದಿರಬೇಕು. ಪ್ಲಾಸ್ಟಿಕ್ ಹಗ್ಗ ಹಿಗ್ಗುತ್ತದೆ. ಲಗೇಜಿಗೆ ಬಳಸುವ ರ‍್ಯಾಚೆಟ್ ಪಟ್ಟಿ ಬೇಕು.

ಎಣ್ಣೆಯ ಒತ್ತಡದಿಂದ ಇಡೀ ಬೈಕನ್ನು ಮೇಲೆತ್ತುವ ಹೈಡ್ರಾಲಿಕ್ ಟೇಬಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಕ್ಕೆ ಹತ್ತು ಬೈಕ್ ನೋಡುವವರಿಗೆ ಅದು ವರ, ವರ್ಷಕ್ಕೆ ಹತ್ತು ಸಲ ಚೈನ್ ತೊಳೆಯುವವರಿಗೆ ಏಳಡಿ ಜಾಗ ನುಂಗುವ ಮಂಚ. ಯಾವುದೇ ಹೈಡ್ರಾಲಿಕ್ ಎತ್ತುಗೆಯಲ್ಲಿ ಸೀಲ್ ಸವೆದರೆ ಬೈಕ್ ತಾನಾಗಿ ಕೆಳಗಿಳಿಯುತ್ತದೆ. ಎತ್ತಿದ ಮೇಲೆ ಕಬ್ಬಿಣದ ಲಾಕ್ ಹಾಕುವ ವ್ಯವಸ್ಥೆ ಇಲ್ಲದ ಮಾದರಿಯನ್ನು ಪುಕ್ಕಟೆ ಕೊಟ್ಟರೂ ತರಬೇಡಿ.

ಮುಂದಿನ ಸ್ಟ್ಯಾಂಡ್

ಇದರಲ್ಲಿ ಎರಡು ಬಗೆ. ಫೋರ್ಕಿನ ತಳಕ್ಕೆ ಆತು ಎತ್ತುವುದು ಅಗ್ಗ. ಚಕ್ರ ಬಿಚ್ಚಲು ಸಾಕು. ಆದರೆ ಹಿಡಿದಿರುವುದೇ ಫೋರ್ಕನ್ನಾದ್ದರಿಂದ ಫೋರ್ಕ್ ಇಳಿಸಲಾಗದು. ಇನ್ನೊಂದು ಸ್ಟೀರಿಂಗ್ ಕಾಂಡದ ಅಡಿಯ ತೂತಿಗೆ ಪಿನ್ ತೂರಿಸಿ ಎತ್ತುವುದು. ಫೋರ್ಕ್ ಆಯಿಲ್, ಫೋರ್ಕ್ ಸೀಲ್ ಎರಡಕ್ಕೂ ಇದೇ ಬೇಕು. ತೂತಿನ ಅಳತೆ ಬೈಕಿಂದ ಬೈಕಿಗೆ ಬೇರೆ, ಪಿನ್ ಸಡಿಲವಾಗಿದ್ದರೆ ಬೈಕ್ ತೂಗಾಡುತ್ತದೆ. ವರ್ನಿಯರ್ ಹಿಡಿದು ತೂತನ್ನು ಅಳೆದುಕೊಂಡೇ ಅಂಗಡಿಗೆ ಹೋಗಿ. ಹಾರ್ನ್, ಬ್ರೇಕ್ ಪೈಪು ಪಿನ್ನಿನ ದಾರಿಗೆ ಅಡ್ಡ ಬರುತ್ತವೆಯೇ ಎಂದೂ ನೋಡಿಕೊಳ್ಳಿ. ಎರಡರಲ್ಲಿ ಯಾವುದನ್ನೇ ಬಳಸಿದರೂ ಮೊದಲು ಎತ್ತುವುದು ಹಿಂಬದಿಯನ್ನು, ಆಮೇಲೆ ಮುಂದನ್ನು. ಇಳಿಸುವಾಗ ಮೊದಲು ಮುಂದಿನದು. ಹಿಂಬದಿ ಸ್ಟ್ಯಾಂಡ್ ಇಲ್ಲದೆ ಸೈಡ್ ಸ್ಟ್ಯಾಂಡಿನ ಮೇಲೆಯೇ ಮೂತಿ ಎತ್ತಿದರೆ ಪಿನ್ ಓರೆಯಾಗಿ ಸಿಕ್ಕಿಕೊಳ್ಳುತ್ತದೆ, ಅದನ್ನು ಬಿಡಿಸಲು ಇನ್ನಿಬ್ಬರನ್ನು ಕರೆಯಬೇಕಾಗುತ್ತದೆ.