ಟೂತ್‌ಪೇಸ್ಟಿನ ಪೆಟ್ಟಿಗೆಯಲ್ಲಿ ಓದಬೇಕಾದ ಒಂದೇ ಸಾಲು

ಕಿರಾಣಿ ಅಂಗಡಿಯಿಂದ ಔಷಧಿ ಅಂಗಡಿಯವರೆಗೆ ಎಲ್ಲೆಡೆ ಸಿಗುವ ಸಾಧಾರಣ ಬಿಳಿ ಟೂತ್‌ಪೇಸ್ಟೊಂದನ್ನು ನಮ್ಮ ಮನೆಯಲ್ಲಿ ಬಹುಕಾಲದಿಂದ ಬಳಸುತ್ತಿದ್ದೇವೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಪೆಟ್ಟಿಗೆಯ ಪಕ್ಕದಲ್ಲಿ ಕನ್ನಡಕ ಹಾಕಿಕೊಂಡೇ ಓದಬೇಕಾದ ಅಕ್ಷರಗಳಲ್ಲಿ ‘1000 ಪಿಪಿಎಂ ಫ್ಲೋರೈಡ್’ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಎಂದು ಅಚ್ಚಾಗಿರುವ ಯಾವ ಪೇಸ್ಟಿಗೂ ಇಲ್ಲಿನ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ. ಈ ಪ್ರಮಾಣವನ್ನು ಪೆಟ್ಟಿಗೆ ಮತ್ತು ಟ್ಯೂಬ್ ಎರಡರ ಮೇಲೂ ಮುದ್ರಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿದೆ. 1000 ಪಿಪಿಎಂ ಗರಿಷ್ಠ ಮಿತಿಯೂ ಹೌದು. ಬೇವು, ಲವಂಗ, ಉಪ್ಪು ಎಂದು ಮುಖಪುಟದಲ್ಲೇ ಸಾರುವ ಪೇಸ್ಟುಗಳಲ್ಲಿ ಹಲವಕ್ಕೆ ಈ ಸಾಲೇ ಇರುವುದಿಲ್ಲ. ಅವು ಬಾಯಿಗೆ ಘಮ ಕೊಡಬಹುದು, ಆದರೆ ಹುಳುಕು ತಡೆಯಲು ಅವನ್ನು ನಂಬಿ ಕೂರುವುದು ಸರಿಯಲ್ಲ.

ನಾವು ತಿಂದ ಸಕ್ಕರೆಯನ್ನು ಹಲ್ಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ. ಬಾಯಿಯ ಪಿಎಚ್ (ಆಮ್ಲದ ಅಳತೆ, ಇದು ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದಾಗ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಿಂದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಕರಗಿ ಹೊರಬರುತ್ತವೆ. ಜೊಲ್ಲು ಆ ನಷ್ಟವನ್ನು ತುಂಬಿಕೊಡುತ್ತಿರುತ್ತದೆ, ಫ್ಲೋರೈಡ್ ಜೊತೆಗಿದ್ದರೆ ತುಂಬಿಕೊಂಡ ಭಾಗ ಆಮ್ಲಕ್ಕೆ ಮೊದಲಿಗಿಂತ ಹೆಚ್ಚು ಜಗ್ಗದೆ ನಿಲ್ಲುತ್ತದೆ. ನಾನು ಬಳಸುವ ಪೇಸ್ಟಿನಲ್ಲಿ ತಿಕ್ಕುವ ವಸ್ತುವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್ ಇದೆ. ಸೋಡಿಯಂ ಫ್ಲೋರೈಡ್ ಅದರೊಂದಿಗೆ ಕೂಡಿ ನಿಷ್ಪ್ರಯೋಜಕವಾಗುವುದರಿಂದ ಇಲ್ಲಿ ಫ್ಲೋರೈಡಿನ ಮತ್ತೊಂದು ರೂಪವಾದ ಸೋಡಿಯಂ ಮಾನೋಫ್ಲೋರೋಫಾಸ್ಫೇಟ್ ಬಳಸಿದ್ದಾರೆ. ಅಗ್ಗದ ಪೇಸ್ಟಾದರೂ ಸೂತ್ರ ಸರಿಯಾಗಿಯೇ ಇದೆ.

ನನ್ನ ಆಕ್ಷೇಪ ಪೆಟ್ಟಿಗೆಯ ಮೇಲಿನ ಚಿತ್ರದ ಬಗ್ಗೆ. ಬ್ರಷ್ಷಿನ ಈ ತುದಿಯಿಂದ ಆ ತುದಿಯವರೆಗೆ ಅಲೆಅಲೆಯಾಗಿ ಪೇಸ್ಟು ಹರಡಿರುವ ಆ ಚಿತ್ರವನ್ನು ನೋಡಿ ಮಕ್ಕಳೂ ಹಾಗೆಯೇ ಹಿಂಡಿಕೊಳ್ಳುತ್ತಾರೆ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿ ಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಸಾಕು, ಅದನ್ನೂ ದೊಡ್ಡವರೇ ಹಾಕಿಕೊಡಬೇಕು. ಪಾವಗಡ, ಬಾಗೇಪಲ್ಲಿಯಂಥ ಕಡೆ ಕೊಳವೆಬಾವಿಯ ನೀರಿನಲ್ಲೇ ಫ್ಲೋರೈಡ್ ಅತಿಯಾಗಿ, ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳು ಮೂಡುವುದುಂಟು. ಅಲ್ಲಿನ ಪೋಷಕರು, ಪೇಸ್ಟನ್ನು ನುಂಗುವ ವಯಸ್ಸಿನ ಮಕ್ಕಳಿಗೆ ಯಾವುದನ್ನು ಕೊಡಬೇಕೆಂದು ದಂತವೈದ್ಯರನ್ನು ಕೇಳಿಯೇ ನಿರ್ಧರಿಸುವುದು ಮೇಲು.

ಈ ಪೇಸ್ಟಿನಲ್ಲಿ ಪುದೀನದ ಖಾರ ಸ್ವಲ್ಪ ಹೆಚ್ಚೇ ಇದೆ. ಆ ಖಾರ ತಾಳದೆ ಹಲ್ಲುಜ್ಜಿದ ಕೂಡಲೇ ನಾಲ್ಕಾರು ಬಾರಿ ಬಾಯಿ ಮುಕ್ಕಳಿಸುವವರು ಫ್ಲೋರೈಡನ್ನೂ ನೀರಿನ ಜೊತೆ ಚೆಲ್ಲಿಬಿಡುತ್ತಾರೆ. ನೊರೆಯನ್ನು ಉಗಿದು ಸುಮ್ಮನಾಗುವುದು ಮೊದಮೊದಲು ಕಸಿವಿಸಿ ಎನಿಸಿದರೂ ಅದೇ ಸರಿಯಾದ ಕ್ರಮ. ಬೆಳಗ್ಗೆ ಮಾತ್ರ ಹಲ್ಲುಜ್ಜುವ ನಮ್ಮ ರೂಢಿಗಿಂತ ರಾತ್ರಿ ಊಟವಾದ ಮೇಲೆ ಉಜ್ಜುವುದರಿಂದ ಲಾಭ ಹೆಚ್ಚು, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಸುರಿಯುವುದು ತೀರ ಕಡಿಮೆಯಾಗುತ್ತದೆ.

ದವಡೆ ಹಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡ ಬಿಸ್ಕತ್ತಿನ ಹಿಟ್ಟನ್ನು ತೆಗೆಯುವುದು ಮಾತ್ರ ಈ ಪೇಸ್ಟಿನಿಂದಾಗಲಿ ಬ್ರಷ್ಷಿನಿಂದಾಗಲಿ ಸಾಧ್ಯವಿಲ್ಲ. ಅದಕ್ಕೆ ಫ್ಲಾಸ್ ದಾರವನ್ನು ಪ್ರತ್ಯೇಕವಾಗಿ ಕೊಳ್ಳಬೇಕು. ನಮ್ಮ ಬಡಾವಣೆಯ ಔಷಧಿ ಅಂಗಡಿಯವರು ಅದನ್ನು ಕೇಳಿದರೆ ಮಾತ್ರ ತರಿಸಿಕೊಡುತ್ತಾರೆ.