ಕಂದಾಯದ ರಸೀದಿ ಕೈಯಲ್ಲಿದೆ ಅಂತ ಸುಮ್ನೆ ಕೂರಬೇಡಿ

ಬೆಂಗಳೂರಲ್ಲಿ ಸ್ವಂತ ಮನೆ ಇರುವವರು, ಅದರಲ್ಲೂ ಮನೆ ಅಪ್ಪ ಅಮ್ಮನ ಹೆಸರಲ್ಲಿದ್ದು ತೆರಿಗೆ ಕಟ್ಟುವ ಕೆಲಸವನ್ನು ಬೇರೆ ಯಾರಿಗೋ ಒಪ್ಪಿಸಿರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ. ನಮ್ಮ ಮನೆಯಲ್ಲಿ ಆದದ್ದನ್ನು ಆದ ಹಾಗೇ ಬರೆದಿದ್ದೇನೆ.

ನಮ್ಮದು 30x40 ಸೈಟು. ಕೆಳಗಿನ ಮನೆಯನ್ನು ಅಪ್ಪ 1996ರಲ್ಲಿ ಕಟ್ಟಿಸಿದರು, ಸುಮಾರು 850 ಚದರಡಿ. 2018ರಲ್ಲಿ ಸಾಲ ಮಾಡಿ ಮೇಲೆ ಅಷ್ಟೇ ಅಳತೆಯ ಇನ್ನೊಂದು ಮನೆ ಹಾಕಿಸಿ ಬಾಡಿಗೆಗೆ ಕೊಟ್ಟೆವು. ಅಪ್ಪ ಇವತ್ತಿಗೂ ಆಸ್ತಿ ತೆರಿಗೆ ಅನ್ನುವುದಿಲ್ಲ, ಕಂದಾಯ ಅಂತಲೇ ಅನ್ನುತ್ತಾರೆ. ಏಪ್ರಿಲ್ ತಿಂಗಳಲ್ಲಿ ಇಡೀ ವರ್ಷದ್ದನ್ನು ಒಟ್ಟಿಗೆ ಕಟ್ಟಿದರೆ ನೂರಕ್ಕೆ 5 ರೂಪಾಯಿ ರಿಯಾಯಿತಿ ಸಿಗುತ್ತಲ್ಲ, ಅದನ್ನು ಅವರು ಒಂದು ವರ್ಷವೂ ತಪ್ಪಿಸಿಕೊಂಡವರಲ್ಲ. ಯುಗಾದಿ ಮುಗೀತಿದ್ದ ಹಾಗೆ ಹಳೇ ರಸೀದಿಗಳ ಕವರ್ ಹಿಡಿದು ಬೆಂಗಳೂರು ಒನ್ ಕೇಂದ್ರಕ್ಕೆ ಹೊರಡುತ್ತಿದ್ದರು. ಮಂಡಿನೋವು ಜಾಸ್ತಿ ಆದಮೇಲೆ ಅದು ನಿಂತಿತು. ಆಗಲೇ ಆ ಮನುಷ್ಯ ನಮ್ಮ ಮನೆ ಬಾಗಿಲಿಗೆ ಬಂದದ್ದು.

ಅವನ ಹೆಸರು ಬೇಡ. ನಮ್ಮ ಏರಿಯಾದಲ್ಲಿ ಖಾತೆ ಬದಲಾವಣೆ, ತೆರಿಗೆ, ಕಾವೇರಿ ನೀರಿನ ಕನೆಕ್ಷನ್, ಎಲ್ಲವನ್ನೂ ಮಾಡಿಸಿಕೊಡುತ್ತೇನೆ ಅಂತ ಓಡಾಡುವವನು. ನಮ್ಮ ಬೀದಿಯಲ್ಲೇ ಐದಾರು ಮನೆಗೆ ಮಾಡಿಕೊಡುತ್ತಿದ್ದ. 'ಅಂಕಲ್, ನೀವ್ಯಾಕೆ ಈ ವಯಸ್ಸಲ್ಲಿ ಅಲೀತೀರಿ, ದುಡ್ಡು ಕೊಡಿ, ಸಂಜೆಗೆ ರಸೀದಿ ತಂದು ಕೊಡ್ತೀನಿ' ಅಂದ. ಮೇಲೆ ಮನೆ ಕಟ್ಟಿದ್ದನ್ನೂ ಬಾಡಿಗೆಗೆ ಕೊಟ್ಟಿರುವುದನ್ನೂ ಅಪ್ಪ ತಾವಾಗಿಯೇ ಹೇಳಿದರು. 'ಅದನ್ನೂ ಸೇರಿಸಿ ಹಾಕ್ಬೇಕು ಕಣಪ್ಪ, ಮುಂದೆ ತೊಂದರೆ ಆಗಬಾರದು' ಅಂತ ಹೇಳಿದ್ದು ನನ್ನ ಕಿವಿಗೇ ಬಿದ್ದಿತ್ತು. ಅವನು ಲೆಕ್ಕ ಮಾಡಿ ವರ್ಷಕ್ಕೆ ಸುಮಾರು 9 ಸಾವಿರ ಆಗುತ್ತೆ ಅಂದ. ಜೊತೆಗೆ ಅವನ ಓಡಾಟಕ್ಕೆ 300 ರೂಪಾಯಿ. 2019ರಿಂದ 2023ರವರೆಗೆ ಐದು ವರ್ಷ ಹೀಗೇ ನಡೆಯಿತು. ಪ್ರತಿ ವರ್ಷ ರಸೀದಿ ಬಂತು. ಅದರಲ್ಲಿ ಅಪ್ಪನ ಹೆಸರು, ಮನೆ ವಿಳಾಸ, ಕಟ್ಟಿದ ಮೊತ್ತ ಎಲ್ಲ ಸರಿಯಾಗೇ ಇತ್ತು. ಅಪ್ಪ ಅದನ್ನು ಬೀರುವಿನ ಕವರಿಗೆ ಸೇರಿಸಿ ಇಟ್ಟರು.

2024ರ ಜನವರಿಯಲ್ಲಿ ಪಾಲಿಕೆಯಿಂದ ನೋಟಿಸ್ ಬಂತು. ನೀವು ಘೋಷಿಸಿದ್ದು ಒಂದು ಮಹಡಿ, ಸ್ವಂತ ವಾಸ. ಆದರೆ ಇರುವುದು ಎರಡು ಮಹಡಿ, ಒಂದು ಬಾಡಿಗೆಗೆ. ಐದು ವರ್ಷದ ವ್ಯತ್ಯಾಸದ ತೆರಿಗೆ ಸುಮಾರು 30 ಸಾವಿರ, ಅದರ ಎರಡರಷ್ಟು ದಂಡ 60 ಸಾವಿರ, ಮೇಲೆ ಬಡ್ಡಿ. ಒಟ್ಟು ಒಂದು ಲಕ್ಷ ದಾಟಿತ್ತು.

ಅಪ್ಪ ನೋಟಿಸನ್ನು ಎರಡು ಮೂರು ಸಲ ಓದಿದರು. ಆಮೇಲೆ ಕವರ್ ತಂದು ರಸೀದಿಗಳನ್ನು ಟೇಬಲ್ ಮೇಲೆ ಒಂದೊಂದಾಗಿ ಹರಡಿ, 'ನಾನು ಕಟ್ಟಿದೀನಲ್ಲೋ, ನೋಡೋ ಇಲ್ಲಿ' ಅಂದರು. ಆ ಧ್ವನಿ ಇನ್ನೂ ನನ್ನ ಕಿವಿಯಲ್ಲಿದೆ. ಜೀವನದಲ್ಲಿ ಯಾರ ಒಂದು ರೂಪಾಯಿಯನ್ನೂ ಬಾಕಿ ಇಟ್ಟುಕೊಳ್ಳದ ಮನುಷ್ಯ, ಕಳ್ಳನ ಹಾಗೆ ತಲೆ ತಗ್ಗಿಸಿ ಕೂತಿದ್ದರು.

ರಸೀದಿಗಳನ್ನು ತಗೊಂಡು ಪಾಲಿಕೆ ಕಚೇರಿಗೆ ಹೋದೆ. ಅಲ್ಲಿದ್ದ ಸಿಬ್ಬಂದಿ ಒಬ್ಬರು ಸಮಾಧಾನವಾಗಿ ಕೂರಿಸಿ, ರಸೀದಿಯಲ್ಲಿದ್ದ ಅರ್ಜಿ ಸಂಖ್ಯೆಯನ್ನು ಕಂಪ್ಯೂಟರಿಗೆ ಹಾಕಿ ತೋರಿಸಿದರು. ಸಂಖ್ಯೆ ನಿಜವಾದದ್ದೇ. ಕಟ್ಟಿದ್ದೂ ನಿಜ. ಆದರೆ ಕಟ್ಟಿದ್ದು 3 ಸಾವಿರ. ಅಸಲಿ ರಸೀದಿಯ ಪಿಡಿಎಫ್ ಇಳಿಸಿಕೊಂಡು, ಅದರಲ್ಲಿನ ಮೊತ್ತವನ್ನೂ ಚದರಡಿಯನ್ನೂ ತಿದ್ದಿ, ಪ್ರಿಂಟ್ ತೆಗೆದು ಅಪ್ಪನ ಕೈಗೆ ಕೊಟ್ಟಿದ್ದ. ಕಂಪ್ಯೂಟರ್ ರಸೀದಿಗೆ ಸೀಲು ಸಹಿ ಏನೂ ಬೇಕಾಗಿರಲಿಲ್ಲ, ಹಾಗಾಗಿ ನಮಗೆ ಅನುಮಾನ ಬರಲೇ ಇಲ್ಲ. ವರ್ಷಕ್ಕೆ 6 ಸಾವಿರದ ಹಾಗೆ ಐದು ವರ್ಷ ಅವನ ಜೇಬಿಗೆ ಹೋಗಿತ್ತು.

ಈ 3 ಸಾವಿರ, 9 ಸಾವಿರದ ಲೆಕ್ಕ ಹೇಗೆ ಅಂತ ನಿಮಗೂ ಗೊತ್ತಿರಲಿ, ಇಲ್ಲಾಂದ್ರೆ ಯಾರು ಏನು ಹೇಳಿದರೂ ನಂಬಬೇಕಾಗುತ್ತೆ. ಬೆಂಗಳೂರಲ್ಲಿ ಇರುವುದು ಸ್ವಯಂ ಘೋಷಣೆ ಪದ್ಧತಿ. ಅಂದರೆ ನಮ್ಮ ಮನೆ ಎಷ್ಟು ಚದರಡಿ, ನಾವೇ ಇದ್ದೀವಾ ಬಾಡಿಗೆಗೆ ಕೊಟ್ಟಿದ್ದೀವಾ, ಯಾವ ವಲಯ, ಎಷ್ಟು ಹಳೆಯದು ಅಂತ ನಾವೇ ಹೇಳಬೇಕು. ವಲಯ ಎ ಇಂದ ಎಫ್ ತನಕ ಇದೆ, ಅದು ಆ ಜಾಗಕ್ಕೆ ಸರ್ಕಾರ ಇಟ್ಟಿರುವ ಮಾರ್ಗಸೂಚಿ ದರದ ಮೇಲೆ ನಿಂತಿದೆ. ಚದರಡಿಗೆ ತಿಂಗಳಿಗೆ ಇಷ್ಟು ಅಂತ ದರ ಇರುತ್ತೆ, ಅದನ್ನು 10 ತಿಂಗಳಿಗೆ ಲೆಕ್ಕ ಹಾಕಿ, ಕಟ್ಟಡ ಹಳೆಯದಾದ ಹಾಗೆ ಸ್ವಲ್ಪ ಕಳೆದು, ಉಳಿದದ್ದರಲ್ಲಿ ಶೇಕಡ 20 ತೆರಿಗೆ. ಬಾಡಿಗೆಗೆ ಕೊಟ್ಟ ಜಾಗಕ್ಕೆ ಸ್ವಂತ ವಾಸದ ಎರಡರಷ್ಟು ದರ. ಹಳೆಯದಕ್ಕೆ ಕಳೆಯುವುದನ್ನು ಬಿಟ್ಟು ಅಂದಾಜಿಗೆ ನೋಡಿದರೆ, ನಮ್ಮ ಕೆಳಗಿನ ಮನೆ ಒಂದು ಪಾಲು ಅಂತಿಟ್ಟುಕೊಂಡರೆ ಅಷ್ಟೇ ಅಳತೆಯ ಮೇಲಿನ ಮನೆ ಎರಡು ಪಾಲು. ಒಟ್ಟು ಮೂರು ಪಾಲು. ಅವನು ಕಟ್ಟಿದ್ದು ಒಂದೇ ಪಾಲು.

ತೆರಿಗೆಯ ಮೇಲೆ ಸೆಸ್ ಬೇರೆ ಇರುತ್ತೆ. ಅದರಲ್ಲಿ ಆರೋಗ್ಯಕ್ಕೆ ಶೇಕಡ 15, ಗ್ರಂಥಾಲಯಕ್ಕೆ 6, ಭಿಕ್ಷಾಟನೆ ನಿರ್ಮೂಲನೆಗೆ 3. ಅಪ್ಪ ದಿನಾ ಬೆಳಿಗ್ಗೆ ಬಡಾವಣೆಯ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ ಪೇಪರ್ ಓದಿ ಬರುತ್ತಾರೆ, ಮನೆಗೆ ಒಂದು ಪೇಪರ್ ಬಂದರೂ ಅಲ್ಲಿಗೆ ಹೋಗಲೇಬೇಕು. ನೋಟಿಸ್ ಬಂದ ಮೇಲೆ ಒಂದು ವಾರ ಹೋಗಲಿಲ್ಲ. ಕೇಳಿದರೆ, 'ಅದು ಕಂದಾಯದ ದುಡ್ಡಲ್ಲಿ ನಡೆಯೋದು, ಬಾಕಿ ಇಟ್ಟುಕೊಂಡು ಹೋಗಿ ಕೂರೋದು ಚೆನ್ನಾಗಿರಲ್ಲ' ಅಂದರು. ಇದನ್ನು ಬರೆಯುವಾಗಲೂ ನನಗೆ ಗಂಟಲು ಕಟ್ಟುತ್ತೆ. ತೆರಿಗೆ ಕಟ್ಟಿ ಏನು ಸಿಗುತ್ತೆ, ರಸ್ತೆ ತುಂಬ ಗುಂಡಿ ಅಂತ ನಾನೂ ಎಷ್ಟೋ ಸಲ ಬೈದಿದ್ದೇನೆ, ಆ ಕೋಪ ತಪ್ಪಲ್ಲ. ಆದರೆ ನನ್ನಪ್ಪನಂಥವರು ಪೂರ್ತಿ ಲೆಕ್ಕ ಕೊಟ್ಟು ನಿಯತ್ತಾಗಿ ಕಟ್ಟಿದ ದುಡ್ಡು ಕಸದ ಗಾಡಿಗೂ ಬೀದಿ ದೀಪಕ್ಕೂ ಹೋಗದೆ ನಡುವೆ ನಿಂತವನ ಪಾಲಾಯಿತಲ್ಲ, ಅದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಾಣಲಿಲ್ಲ.

ಎರಡು ವಿಷಯ ಆಗಲೇ ಗೊತ್ತಿದ್ದಿದ್ದರೆ ನಾವು ಮೊದಲ ವರ್ಷವೇ ಇವನನ್ನು ಹಿಡಿಯಬಹುದಿತ್ತು. ಒಂದು, ಫಾರ್ಮ್ 4 ಮತ್ತು ಫಾರ್ಮ್ 5. ಹೋದ ವರ್ಷಕ್ಕೂ ಈ ವರ್ಷಕ್ಕೂ ಮನೆಯಲ್ಲಿ ಏನೂ ಬದಲಾಗಿಲ್ಲ ಅಂದರೆ ಫಾರ್ಮ್ 4. ಮಹಡಿ ಕಟ್ಟಿದ್ದೀರಿ, ಬಾಡಿಗೆಗೆ ಕೊಟ್ಟಿದ್ದೀರಿ, ಮುಂದಿನ ರೂಮನ್ನು ಅಂಗಡಿ ಮಾಡಿದ್ದೀರಿ, ಅಂದರೆ ಫಾರ್ಮ್ 5. ಅವನು ಐದೂ ವರ್ಷ ಫಾರ್ಮ್ 4 ಹಾಕಿದ್ದ, ಅದು ಎರಡು ನಿಮಿಷದ ಕೆಲಸ. ಹೊಸದಾಗಿ ಮನೆ ಕಟ್ಟಿದ ವರ್ಷ ಯಾರಾದರೂ ನಿಮ್ಮ ಪರವಾಗಿ ತೆರಿಗೆ ಕಟ್ಟಿದ್ದರೆ, ಯಾವ ಫಾರ್ಮ್ ಹಾಕಿದ್ದಾರೆ ಅಂತ ಮೊದಲು ನೋಡಿ.

ಎರಡನೆಯದು ಫೋನ್ ನಂಬರ್. ನಮ್ಮ ಮನೆಯ ತೆರಿಗೆ ದಾಖಲೆಯಲ್ಲಿ ಇದ್ದದ್ದು ಅವನ ಮೊಬೈಲ್ ನಂಬರ್! ಇಷ್ಟು ಕಟ್ಟಿದ್ದೀರಿ ಅನ್ನುವ ಮೆಸೇಜ್ ನಮಗೆ ಬರಬೇಕಾದದ್ದು ಅವನಿಗೆ ಹೋಗುತ್ತಿತ್ತು. ಒಂದೇ ಒಂದು ಮೆಸೇಜ್ ಅಪ್ಪನ ಫೋನಿಗೆ ಬಂದಿದ್ದರೂ ಸಾಕಿತ್ತು, ಅವರು ಕನ್ನಡಕ ಹಾಕಿಕೊಂಡು ಒಂದೊಂದು ಅಂಕಿಯನ್ನೂ ಓದುವವರು.

ಕಚೇರಿಯವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದೆ. ಮನೆಗೆ ಎರಡು ಕರೆಂಟ್ ಮೀಟರ್ ಇದೆ, ತೆರಿಗೆ ಲೆಕ್ಕದಲ್ಲಿ ಒಂದೇ ಮಹಡಿ ಇದೆ, ಅದನ್ನು ತಾಳೆ ನೋಡಿದಾಗ ಸಿಕ್ಕಿತು ಅಂದರು. ಇನ್ನು ಯಾವುದೂ ಮುಚ್ಚಿಡುವ ಕಾಲ ಅಲ್ಲ. ಹಾಗಾಗಿ 'ಸಾರ್, ಕಡಿಮೆ ತೋರಿಸೋಣ, ಯಾರಿಗೂ ಗೊತ್ತಾಗಲ್ಲ' ಅನ್ನುವ ಏಜೆಂಟನ ಮಾತು ಕೇಳಿದರೆ, ಆಮೇಲೆ ಮನೆಯ ಮೇಲೆ ಬರುವ ದಂಡ ಅವನ ಹೆಸರಿಗಲ್ಲ, ನಿಮ್ಮ ಹೆಸರಿಗೆ. ಸ್ವಯಂ ಘೋಷಣೆ ಅಲ್ವಾ, ಫಾರ್ಮ್ ತುಂಬಿದ್ದು ಯಾರೇ ಆಗಿರಲಿ, ಘೋಷಿಸಿದ್ದು ಮಾಲೀಕರೇ ಅಂತ ಆಗುತ್ತೆ. ಬೇಕಂತ ಮುಚ್ಚಿಡದೆ ತಪ್ಪಿದವರಿಗೂ ಇದೇ ಪಾಡು. 2016ರಲ್ಲಿ ವಲಯಗಳು ಬದಲಾದವು, ನನ್ನ ಸಹೋದ್ಯೋಗಿಯೊಬ್ಬರು ಅದು ಗೊತ್ತಿಲ್ಲದೆ ಹಳೇ ವಲಯದಲ್ಲೇ ಕಟ್ಟುತ್ತಾ ಹೋಗಿ ವರ್ಷಗಳ ನಂತರ ನೋಟಿಸ್ ತಗೊಂಡರು.

ದುಡ್ಡಿನ ವಿಷಯ ಹೇಗೆ ಮುಗಿಯಿತು ಅಂದರೆ, ಅದೇ 2024ರಲ್ಲಿ ಸರ್ಕಾರ ಒಂದೇ ಬಾರಿಗೆ ಇತ್ಯರ್ಥ ಮಾಡುವ ಯೋಜನೆ ತಂದಿತು. ಮೊದಲು ಜುಲೈ 31 ಕಡೆಯ ದಿನ ಅಂದಿದ್ದರು, ಆಮೇಲೆ ನವೆಂಬರ್ 30ರವರೆಗೆ ಮುಂದುವರಿಸಿದರು. ನಮಗೆ ಬಡ್ಡಿ ಪೂರ್ತಿ ಮನ್ನಾ ಆಯಿತು, ದಂಡ ಅರ್ಧಕ್ಕೆ ಇಳಿಯಿತು. 30 ಸಾವಿರ ತೆರಿಗೆ, 30 ಸಾವಿರ ದಂಡ, ಒಟ್ಟು 60 ಸಾವಿರ ಕಟ್ಟಿದೆವು. ಏಜೆಂಟನಿಗೆ ಆಗಲೇ ಕೊಟ್ಟಿದ್ದು ಬೇರೆ. ಅಪ್ಪ ತಮ್ಮ ಎಫ್‌ಡಿ ಮುರಿಸಿಯೇ ಕಟ್ಟಿದರು, ನಾನು ಕೊಡುತ್ತೇನೆ ಅಂದರೂ ಒಪ್ಪಲಿಲ್ಲ. ಆ ಯೋಜನೆ ಮುಗಿದಿದೆ. ಈಗ ನೋಟಿಸ್ ಬಂದರೆ ಆ ಥರ ಬಚಾವಾಗುತ್ತೀರಿ ಅಂತ ಲೆಕ್ಕ ಹಾಕಬೇಡಿ.

ಏಜೆಂಟನನ್ನು ಹುಡುಕಿಕೊಂಡು ಹೋದೆವು. ಮೊದಲು 'ಕಂಪ್ಯೂಟರಲ್ಲಿ ಏನೋ ತಪ್ಪಾಗಿದೆ' ಅಂದ. ಎರಡೂ ರಸೀದಿ ಪಕ್ಕಪಕ್ಕ ಇಟ್ಟಾಗ ಮಾತಾಡಲಿಲ್ಲ. ಹತ್ತು ಸಾವಿರ ಕೊಟ್ಟ, ಉಳಿದದ್ದು ಮುಂದಿನ ತಿಂಗಳು ಅಂದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ತಿದ್ದಿದ ರಸೀದಿಗಳನ್ನೂ ಅಸಲಿ ದಾಖಲೆಯ ಪ್ರತಿಗಳನ್ನೂ ಜೋಡಿಸಿ ಪೊಲೀಸ್ ಠಾಣೆಗೆ ದೂರು ಕೊಟ್ಟಿದ್ದೇವೆ. ಅವನಿಗೆ ಕೊಟ್ಟದ್ದೆಲ್ಲ ನಗದು. ಅದೇ ನಮ್ಮ ದೊಡ್ಡ ತಪ್ಪು, ಬ್ಯಾಂಕಿನಲ್ಲಿ ಒಂದು ಗುರುತೂ ಇಲ್ಲ. ಯಾರ ಸಹಾಯ ತಗೊಂಡರೂ ಪರವಾಗಿಲ್ಲ, ದುಡ್ಡು ಮಾತ್ರ ನಿಮ್ಮ ಖಾತೆಯಿಂದಲೇ ನೇರವಾಗಿ ತೆರಿಗೆ ವೆಬ್‌ಸೈಟಿಗೆ ಹೋಗಲಿ.

ಇ-ಖಾತಾ, ಅಂದರೆ ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ, ಮಾಡಿಸದೇ ಇರುವವರು ಇದನ್ನು ಇನ್ನೂ ಬೇಗ ನೋಡಿಕೊಳ್ಳಿ. 2024ರ ಅಕ್ಟೋಬರಿನಿಂದ ಬೆಂಗಳೂರಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯ ಆಗಿದೆ. ಅದಕ್ಕೆ ಅರ್ಜಿ ಹಾಕುವಾಗ ಕ್ರಯಪತ್ರ, ಆಧಾರ್, ಕರೆಂಟ್ ಬಿಲ್ಲಿನ ಸಂಖ್ಯೆ ಇವುಗಳ ಜೊತೆ ತೆರಿಗೆ ಅರ್ಜಿ ಸಂಖ್ಯೆಯನ್ನೂ ಕೇಳುತ್ತಾರೆ. ತೆರಿಗೆ ದಾಖಲೆಯಲ್ಲಿ ಒಂದು ಮಹಡಿ, ನಿಜದಲ್ಲಿ ಎರಡು ಅಂತಿದ್ದರೆ, ಮನೆ ಮಾರುವಾಗಲೋ ಮಕ್ಕಳ ಹೆಸರಿಗೆ ಮಾಡುವಾಗಲೋ ಅದು ಎದುರು ಬಂದು ನಿಲ್ಲುತ್ತೆ. 2025ರ ಏಪ್ರಿಲಿನಿಂದ ಕಸದ ಶುಲ್ಕವೂ ತೆರಿಗೆಯ ಜೊತೆಗೇ ಬರುತ್ತಿದೆ, ಅದೂ ಕಟ್ಟಡದ ಅಳತೆಯ ಮೇಲೆ. 600 ಚದರಡಿಯೊಳಗೆ ತಿಂಗಳಿಗೆ 10 ರೂಪಾಯಿ, 601ರಿಂದ 1000 ಚದರಡಿಗೆ 50, ಹೀಗೆ ಏರುತ್ತಾ 4000 ದಾಟಿದರೆ 400. ಅಳತೆ ತಪ್ಪಿದ್ದರೆ ಇದೂ ತಪ್ಪು. 2025ರ ಸೆಪ್ಟೆಂಬರಿನಿಂದ ಊರಿಗೆ ಒಂದೇ ಪಾಲಿಕೆಯ ಬದಲು ಐದು ಪಾಲಿಕೆಗಳಾಗಿವೆ. ಹಾಗಾಗಿ ಹಳೇ ರಸೀದಿ, ಪಿಐಡಿ ಸಂಖ್ಯೆ (ಆಸ್ತಿಯ ಗುರುತಿನ ಸಂಖ್ಯೆ) ಇರುವ ಕಾಗದ ಯಾವುದನ್ನೂ ಎಸೆಯಬೇಡಿ.

ಇವತ್ತು ಮಾಡಬೇಕಾದದ್ದು ಹತ್ತು ನಿಮಿಷದ ಕೆಲಸ. ಮನೆಯಲ್ಲಿರುವ ರಸೀದಿ ತೆಗೆಯಿರಿ. ಅದರಲ್ಲಿರುವ ಅರ್ಜಿ ಸಂಖ್ಯೆಯನ್ನು ತೆರಿಗೆ ವೆಬ್‌ಸೈಟಿನಲ್ಲಿ ನೀವೇ ಹಾಕಿ, ಪ್ರತಿ ವರ್ಷದ ರಸೀದಿಯನ್ನೂ ಹೊಸದಾಗಿ ಇಳಿಸಿಕೊಳ್ಳಿ. ಕೈಯಲ್ಲಿರುವ ಕಾಗದದ ಪಕ್ಕ ಅದನ್ನಿಟ್ಟು ಮೊತ್ತ, ಚದರಡಿ, ಸ್ವಂತವೋ ಬಾಡಿಗೆಯೋ, ವಲಯ, ಫೋನ್ ನಂಬರ್, ಇಷ್ಟನ್ನೂ ಹೋಲಿಸಿ. ತಪ್ಪು ಕಂಡರೆ ನೋಟಿಸ್ ಬರಲಿ ಅಂತ ಕಾಯದೆ ಕಚೇರಿಗೆ ಹೋಗಿ ಕೇಳಿ, ಹೋದಾಗ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ.

ನಮ್ಮ ಎದುರು ಮನೆಯ ಅಜ್ಜಿಗೂ ಅದೇ ಮನುಷ್ಯ ತೆರಿಗೆ ಕಟ್ಟಿಕೊಡುತ್ತಿದ್ದ. ಮಗ ದೂರದ ಊರಲ್ಲಿದ್ದಾನೆ, ಅವರು ಒಬ್ಬರೇ ಇರುವುದು. ಮೊನ್ನೆ ಅಪ್ಪ ತಾವೇ ಹೋಗಿ ಅವರ ರಸೀದಿಗಳ ಕವರ್ ತಂದು ನನ್ನ ಮುಂದಿಟ್ಟು 'ಇದನ್ನೂ ನೋಡು' ಅಂದರು. ಮೂರು ವರ್ಷದ ರಸೀದಿಗಳ ಸಂಖ್ಯೆ ವೆಬ್‌ಸೈಟಿನಲ್ಲಿ ಸಿಗಲೇ ಇಲ್ಲ. ಸೋಮವಾರ ಅವರನ್ನು ಕರೆದುಕೊಂಡು ಕಚೇರಿಗೆ ಹೋಗುತ್ತಿದ್ದೇನೆ. ಮಂಡಿನೋವಿದ್ದರೂ ಅಪ್ಪನೂ ಬರುತ್ತಾರಂತೆ.